ಸಂತೆಯಲ್ಲಿ ಪರಿಮಾಣ ವ್ರತ

ಪರಿಗ್ರಹ ಪರಿಮಾಣವು ಹೊಲ, ಚಿನ್ನಗಳಿಗೆ ಮಾತ್ರವಲ್ಲ, ಧಾನ್ಯಕ್ಕೂ ಅನ್ವಯಿಸುವ ಅಣುವ್ರತ. ಆದುದರಿಂದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಶ್ರಾವಕರು ಸಂತೆಗೆ ಹೊರಡುವ ಮುನ್ನ ವಾರದ ಅಗತ್ಯವನ್ನು ಬರೆದುಕೊಳ್ಳತಕ್ಕದ್ದು.

ಹಿಟ್ಟಿಗಿಂತ ಕಾಳು ಕೊಳ್ಳುವುದು ಲೇಸು. ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನ. ಅಷ್ಟಕ್ಕೆ ಸಾಲುವಷ್ಟನ್ನೇ ಬೀಸಿಸಿದರೆ ಜೀವದಯೆಯೂ ಉಳಿಯುವುದು, ಹಣವೂ ಉಳಿಯುವುದು.

ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಸತ್ತ್ವವನ್ನು ಬೇಳೆ ತುಂಬಿಕೊಡುತ್ತದೆ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಮ್ಮ ಜಿಲ್ಲೆಯ ತೊಗರಿ ದುಬಾರಿಯಾದಾಗ ಕಡಲೆ, ಹೆಸರು ಕೊಳ್ಳಿರಿ. ಬೇಳೆ ಬಿಟ್ಟು ಬಿಸ್ಕತ್ತು ಕೊಳ್ಳಬೇಡಿರಿ.

ಅಷ್ಟಮಿ, ಚತುರ್ದಶಿಗಳಲ್ಲಿ ಉಪವಾಸವಿದ್ದ ಗೃಹಿಣಿಯ ಪಾರಣೆಗೆ ರೊಟ್ಟಿ-ಬೇಳೆಯ ಪಾಲನ್ನು ಮೊದಲು ತೆಗೆದಿಡಿರಿ. ಎಲ್ಲರೂ ಉಂಡು ಮಿಕ್ಕಿದ್ದೇ ಅವಳ ಪಾಲಾದರೆ ದೇಹ ಸೋಲುವುದು. ದೇಹ ಸೋತಲ್ಲಿ ವ್ರತ ನಿಲ್ಲದು.