ಕ್ಯಾರವಾನಿಗೆ ಕೀಲೆಣ್ಣೆ



ಅಕ್ಟೋಬರ್ ಕಳೆದು ಗಾಳಿ ಸ್ವಲ್ಪ ತಂಪಾಯಿತೆಂದರೆ ಸಾಕು, ಅಲ್ ಗುಬ್ರಾದ ನಮ್ಮ ಮನೆಯ ಕಾಂಪೌಂಡಿನಲ್ಲಿ ನಿಂತಿರುವ ಬಿಳಿ ಡಬ್ಬವನ್ನು ನೋಡಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಏನ್ರೀ, ಇಂಥದ್ದೇ ಒಂದು ಸೆಕೆಂಡ್ ಹ್ಯಾಂಡ್ ಸಿಗುತ್ತಂತೆ. ಒಳಗೆಲ್ಲಾ ಹೊಸದರ ಹಾಗಿದೆ. ತಗೋಬಹುದಾ?" ಈ ಸಲ ಮೂರು ಕುಟುಂಬದವರು ಕೇಳಿದರು. ಮೂವರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲೇ ಬರೆದುಬಿಡುತ್ತಿದ್ದೇನೆ.

ನಾನು ಹೇಳುತ್ತಿರುವುದು ಕಾರಿನ ಹಿಂದೆ ಕಟ್ಟಿ ಎಳೆಯುವ ಕ್ಯಾರವಾನಿನ ವಿಷಯ, ತನ್ನದೇ ಎಂಜಿನ್ ಇರುವ ಬಸ್ಸಿನಂಥದ್ದಲ್ಲ. 2017ರಲ್ಲಿ ಊರಿಗೆ ಹಿಂತಿರುಗುತ್ತಿದ್ದ ಇಂಗ್ಲಿಷ್ ಕುಟುಂಬವೊಂದರಿಂದ ಕೊಂಡೆ. ನಾನು ಮೆಕ್ಯಾನಿಕ್ಕೂ ಅಲ್ಲ, ಎಂಜಿನಿಯರೂ ಅಲ್ಲ, ಲೆಕ್ಕಪತ್ರ ನೋಡುವವನು. ಆದ್ದರಿಂದ ಕಲಿತದ್ದೆಲ್ಲಾ ಕೆಡಿಸಿಯೇ ಕಲಿತದ್ದು. ಕಲಿತದ್ದರಲ್ಲಿ ದೊಡ್ಡದು ಇದು: ಈ ಊರಿನಲ್ಲಿ ಕ್ಯಾರವಾನ್ ಓಡಿ ಸವೆಯುವುದು ಕಡಿಮೆ, ನಿಂತು ಹಾಳಾಗುವುದೇ ಹೆಚ್ಚು. "ಹೆಚ್ಚು ಓಡಿಲ್ಲ ಸಾರ್" ಎಂದು ಮಾರುವವರು ಹೇಳಿದರೆ ನಾವು ಖುಷಿಪಡುತ್ತೇವಲ್ಲ, ಆಗಲೇ ಎಚ್ಚರವಾಗಬೇಕು.

ನನಗೆ ಎಚ್ಚರವಾದದ್ದು 2018ರ ಫೆಬ್ರವರಿಯಲ್ಲಿ. ಸೂರ್ ಕಡೆ ಹೊರಟಿದ್ದೆವು. ಮಗಳಿಗೆ ಆಗ ಏಳು ವರ್ಷ. ಕ್ಯಾರವಾನಿನ ಒಳಗೇ ಕೂತು ಬರುತ್ತೇನೆ, ಕಿಟಕಿಯಿಂದ ಟಾಟಾ ಮಾಡುತ್ತೇನೆ ಎಂದು ಹೊರಡುವಾಗ ಒಂದೇ ಹಠ. ಎಳೆಯುವಾಗ ಒಳಗೆ ಯಾರೂ ಇರಕೂಡದು ಎಂದು ಎಲ್ಲೋ ಓದಿದ್ದೆ, ಅದಕ್ಕೇ ಬೈದು ಕಾರಿನಲ್ಲಿ ಕೂರಿಸಿದೆ. ಇಬ್ರಾ ದಾಟಿ ಸ್ವಲ್ಪ ದೂರ ಹೋಗಿದ್ದೆವು, ಹಿಂದೆ ಢಮಾರ್ ಎಂದಿತು. ಸ್ಟೀರಿಂಗ್ ಕೈಯಲ್ಲಿ ನಡುಗತೊಡಗಿತು. ಬ್ರೇಕ್ ತುಳಿಯದೆ, ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದು ತಾನಾಗಿ ನಿಧಾನವಾಗಲು ಬಿಟ್ಟೆ. ಇಂಥ ಹೊತ್ತಿನಲ್ಲಿ ಮಾಡಬೇಕಾದ್ದು ಅಷ್ಟೇ. ಇಳಿದು ನೋಡಿದರೆ ಎಡಗಡೆಯ ಟೈರ್ ಚಿಂದಿ. ಚಿಂದಿಯಾದ ರಬ್ಬರು ಚಾಟಿಯ ಹಾಗೆ ಬಡಿದು ಚಕ್ರದ ಮೇಲಿನ ತಗಡನ್ನೂ ನೆಲದ ಹಲಗೆಯನ್ನೂ ಕಿತ್ತುಹಾಕಿತ್ತು. ಅಡಿಯಲ್ಲಿ ಹಾದುಹೋಗುವ ಗ್ಯಾಸ್ ಪೈಪು ಬಾಗಿ ನೇತಾಡುತ್ತಿತ್ತು. ಹೊರಡುವ ಮೊದಲು ಸಿಲಿಂಡರಿನ ವಾಲ್ವ್ ಮುಚ್ಚಿದ್ದೆ, ಬಚಾವ್. ಕಿತ್ತುಹೋದ ಹಲಗೆಯ ಮೇಲಿದ್ದದ್ದು ಮಗಳು ಕೂರುತ್ತೇನೆ ಎಂದಿದ್ದ ಸೀಟು. ನನ್ನಾಕೆ ಅದನ್ನು ನೋಡಿ ಒಂದು ಮಾತೂ ಆಡಲಿಲ್ಲ.

ಆ ಟೈರಿನ ಗುಂಡಿಗಳು ಹೊಸದರಷ್ಟೇ ಆಳವಾಗಿದ್ದವು! ತಪ್ಪು ನನ್ನದೇ, ನಾನು ಗುಂಡಿ ನೋಡಿದೆನೇ ಹೊರತು ವಯಸ್ಸು ನೋಡಲಿಲ್ಲ. ಟೈರಿನ ಪಕ್ಕದಲ್ಲಿ ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ನನ್ನದರಲ್ಲಿ 1809 ಎಂದಿತ್ತು, ಅಂದರೆ 2009ರ 18ನೇ ವಾರ. ಒಂಬತ್ತು ವರ್ಷದ ಮುದುಕ. ಈ ಅಂಕಿ ಟೈರಿನ ಒಂದು ಪಕ್ಕದಲ್ಲಿ ಮಾತ್ರ ಪೂರ್ತಿ ಇರಬಹುದು, ಹೊರಗೆ ಕಾಣದಿದ್ದರೆ ಕೆಳಗೆ ನುಸುಳಿ ಒಳಪಕ್ಕ ನೋಡಿ. ತಂಪು ದೇಶಗಳಲ್ಲೇ ಕ್ಯಾರವಾನಿನ ಟೈರನ್ನು ಐದು ವರ್ಷಕ್ಕೆ ಬದಲಿಸುವುದು ಒಳ್ಳೆಯದು, ಏಳು ದಾಟಲೇಬಾರದು ಎನ್ನುತ್ತಾರೆ. ನಮ್ಮಲ್ಲಿ? 2018ರ ಜೂನ್‌ನಲ್ಲಿ ಇಲ್ಲೇ ಕುರಿಯಾತ್‌ನಲ್ಲಿ ಒಂದು ಇಡೀ ದಿನ, ರಾತ್ರಿಯೂ ಸೇರಿ, ಉಷ್ಣತೆ 42.6 ಡಿಗ್ರಿಗಿಂತ ಕೆಳಗಿಳಿಯಲೇ ಇಲ್ಲ. ರಬ್ಬರಿಗೆ ರಾತ್ರಿಯೂ ಬಿಡುವಿಲ್ಲ. ನಾನು ಐದನೇ ವರ್ಷಕ್ಕೆ ತೆಗೆದುಹಾಕುತ್ತೇನೆ, ಸ್ಟೆಪ್ನಿಯನ್ನೂ ಸೇರಿಸಿ.

ಗಾಳಿಯನ್ನು ಬೆಳಿಗ್ಗೆ ಹೊರಡುವ ಮೊದಲು, ಟೈರ್ ತಣ್ಣಗಿರುವಾಗಲೇ ನೋಡಬೇಕು. ದಾರಿಯಲ್ಲಿ ಬಿಸಿಯಾಗಿ ಒತ್ತಡ ಏರಿದ್ದನ್ನು ಕಂಡು ಗಾಳಿ ಬಿಡುವವರಿದ್ದಾರೆ. ಹಾಗೆ ಮಾಡಿದರೆ ಟೈರ್ ಮೆತ್ತಗಾಗಿ ಇನ್ನಷ್ಟು ಬಾಗಿ ಇನ್ನಷ್ಟು ಕಾಯುತ್ತದೆ. ಚಕ್ರ ಬದಲಿಸಿದ ಮೇಲೆ ನಟ್ಟುಗಳನ್ನು ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರಿನಿಂದಲೇ ಬಿಗಿಯಿರಿ, ಸುಮಾರು 50 ಕಿಲೋಮೀಟರ್ ಹೋದಮೇಲೆ ನಿಲ್ಲಿಸಿ ಮತ್ತೊಮ್ಮೆ ನೋಡಿ. ಬೇಸಿಗೆಯಲ್ಲಿ ನಿಲ್ಲಿಸಿಡುವಾಗ ಟೈರುಗಳಿಗೆ ಬಿಸಿಲು ತಾಗದಂತೆ ಹೊದಿಕೆ ಹಾಕಿ. ಹ್ಯಾಂಡ್‌ಬ್ರೇಕ್ ಎಳೆದು ತಿಂಗಳುಗಟ್ಟಲೆ ಬಿಡಬೇಡಿ. ಗುಬ್ರಾದ ಸಮುದ್ರದ ಉಪ್ಪುಗಾಳಿಗೆ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಂಡುಬಿಡುತ್ತದೆ. ಸಮತಟ್ಟಾದ ಜಾಗದಲ್ಲಿ ಚಕ್ರಗಳ ಹಿಂದೆ ಮುಂದೆ ಗಟ್ಟಿಯಾದ ತಡೆ ಕೊಟ್ಟು ಬ್ರೇಕ್ ಸಡಿಲಿಸಿ.

ಇನ್ನು ಕೀಲೆಣ್ಣೆಯ ಕಥೆ. ನಮ್ಮಜ್ಜ ತಿಪಟೂರಿನ ಕಡೆಯವರು, ಕಮಾನು ಗಾಡಿ ಕಟ್ಟಿಕೊಂಡು ಸಿದ್ಧಗಂಗೆ ಜಾತ್ರೆಗೆ ಹೋಗುತ್ತಿದ್ದವರು. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿದ ಕೀಲೆಣ್ಣೆ ಗೊಟ್ಟದಲ್ಲಿ ಗಾಡಿಯಡಿ ಸದಾ ನೇತಾಡುತ್ತಿತ್ತು. ಹೊರಡುವ ಮೊದಲು ಕಡಾಣಿ ತೆಗೆದು ಅಚ್ಚಿಗೆ ಸವರದೆ ಎತ್ತು ಹೂಡುತ್ತಿರಲಿಲ್ಲ. ನಾನೂ ಅದೇ ವಂಶದವನಲ್ಲವೇ, ಕಾರಿನ ಹಿಂದಿರುವ ಕೊಂಡಿಯ ಗುಂಡಿಗೆ ಮುಷ್ಟಿ ಗ್ರೀಸ್ ಮೆತ್ತಿದೆ. ಮೊದಲ ತಿರುವಿನಲ್ಲೇ ಗಾಡಿ ಬಾಲ ಅಲ್ಲಾಡಿಸತೊಡಗಿತು. ವಿಷಯವೇನೆಂದರೆ, ಈಚಿನ ಬಹುತೇಕ ಯುರೋಪಿನ ಕ್ಯಾರವಾನುಗಳ ಕೊಂಡಿಯಲ್ಲಿ ಬ್ರೇಕ್ ಪ್ಯಾಡಿನಂಥ ತುಂಡುಗಳಿರುತ್ತವೆ. ಅವು ಗುಂಡನ್ನು ಬಿಗಿಯಾಗಿ ಕಚ್ಚಿ ತೂಗಾಟವನ್ನು ತಡೆಯುತ್ತವೆ. ಅಲ್ಲಿ ಜಿಡ್ಡು ತಾಗಿದರೆ ಕಚ್ಚುವುದೇ ಇಲ್ಲ. ಪ್ಯಾಡು ಹೊಸದು ಹಾಕಿ, ಗುಂಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಲೋಹ ಹೊಳೆಯುವಂತೆ ಮಾಡಿದ ಮೇಲೆ ಸರಿಹೋಯಿತು. ಪ್ಯಾಡು ಇಲ್ಲದ ಹಳೆಯ ಕೊಂಡಿಗೆ ಗ್ರೀಸ್ ಬೇಕು. ನಿಮ್ಮದು ಯಾವುದೆಂದು ಕೊಂಡಿ ಎತ್ತಿ ನೋಡಿಯೇ ಕೈ ಹಾಕಿ. ಬೇರಿಂಗುಗಳೂ ಹಾಗೆಯೇ: ಈಚಿನ ಆಲ್ಕೊ ಆಕ್ಸಲ್ಲುಗಳಲ್ಲಿ ಮುಚ್ಚಿದ ಬೇರಿಂಗು, ಗ್ರೀಸ್ ತುಂಬುವ ಕೆಲಸವಿಲ್ಲ. ಆದರೆ ಡ್ರಮ್ ಬಿಚ್ಚಿದರೆ ಅದರ ದೊಡ್ಡ ನಟ್ಟನ್ನು ಮತ್ತೆ ಬಳಸಬಾರದು, ಹೊಸದೇ ಹಾಕಬೇಕು. ಈ ಕೆಲಸ ಮನೆಯಲ್ಲಿ ಬೇಡ, ಘಾಲಾದ ವರ್ಕ್‌ಶಾಪಿಗೆ ಒಯ್ಯಿರಿ, ಹೊಸ ನಟ್ಟು ಹಾಕಿದರೇ ಎಂದು ಪಕ್ಕದಲ್ಲಿ ನಿಂತು ನೋಡಿ.

ಅಜ್ಜನ ಇನ್ನೊಂದು ಪಾಠ ಮಾತ್ರ ಇಲ್ಲಿಗೂ ಸರಿಯಾಗಿ ಹೊಂದುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂಭಾರವಾದರೆ ಹೆಗಲು ಕುಸಿಯುತ್ತದೆ. ಅದಕ್ಕೇ ಮೂಟೆಗಳನ್ನು ಅತ್ತಿತ್ತ ಸರಿಸಿ ನೊಗ ಎತ್ತಿ ನೋಡುತ್ತಿದ್ದರು. ಕ್ಯಾರವಾನಿನಲ್ಲಿ ಹಿಂಭಾರ ಇನ್ನೂ ಅಪಾಯ, ಹಾವಿನಂತೆ ತೂಗಾಡಿ ಕಾರನ್ನೇ ಮಗುಚಬಲ್ಲದು. ಸಾಮಾನು ತುಂಬಿದ ಒಟ್ಟು ತೂಕದ ಶೇಕಡಾ 5ರಿಂದ 7 ಕೊಂಡಿಯ ಮೇಲೆ ಬೀಳಬೇಕು. 1300 ಕಿಲೋ ಗಾಡಿಗೆ 65ರಿಂದ 90 ಕಿಲೋ. ಕಾರಿಗೂ ಕೊಂಡಿಗೂ ಬರೆದಿರುವ ಮಿತಿ ಅದಕ್ಕಿಂತ ಕಡಿಮೆಯಿದ್ದರೆ ಆ ಮಿತಿಯೇ ಲೆಕ್ಕ. ಅಳೆಯುವುದು ಸುಲಭ: ಮನೆಯಲ್ಲಿ ನಾವು ತೂಕ ನೋಡಿ ಬೇಸರಪಡುವ ಯಂತ್ರವಿದೆಯಲ್ಲ, ಅದನ್ನು ಕೊಂಡಿಯ ಕೆಳಗಿಟ್ಟು, ನಡುವೆ ಮರದ ತುಂಡು ನಿಲ್ಲಿಸಿ, ಗಾಡಿ ಸಮತಟ್ಟಾಗುವಂತೆ ಇಳಿಸಿ. ಅಕ್ಕಿಮೂಟೆ, ನೀರಿನ ಕ್ಯಾನು, ರುಬ್ಬಿದ ಹಿಟ್ಟಿನ ಪಾತ್ರೆ ಎಲ್ಲವೂ ಚಕ್ರದ ಆಸುಪಾಸಿನ ನೆಲದ ಮೇಲಿರಲಿ, ಹಿಂದಿನ ಬೀರುವಿನಲ್ಲಿ ಬೇಡ.

ಇಂಗ್ಲೆಂಡಿನಿಂದ ಬಂದ ಗಾಡಿಗೆ ಬಾಗಿಲು ಎಡಗಡೆ ಇರುತ್ತದೆ. ಅಲ್ಲಿ ಅದು ಫುಟ್‌ಪಾತಿನ ಕಡೆ, ಒಮಾನಿನಲ್ಲಿ ವಾಹನಗಳು ಹಾಯುವ ಕಡೆ! ಇದನ್ನು ಬದಲಿಸುವ ಉಪಾಯವಿಲ್ಲ. ದಾರಿಬದಿ ನಿಂತಾಗ ಮಕ್ಕಳು ಆ ಬಾಗಿಲು ತೆರೆಯುವಂತಿಲ್ಲ ಎಂಬ ನಿಯಮ ಮಾಡಿದ್ದೇವೆ. ಕೊಳ್ಳುವವರಿಗೆ ಆಯ್ಕೆಯಿದ್ದರೆ ಬಲಗಡೆ ಬಾಗಿಲಿರುವುದನ್ನೇ ನೋಡಿ.

ಮಸ್ಕತ್ತಿನಲ್ಲಿ ಮಳೆಯೆಲ್ಲಿ, ಸೋರುವ ಚಿಂತೆ ಏಕೆ ಎಂದುಕೊಂಡಿದ್ದೆ. ಮಳೆ ಅಪರೂಪವಾದ್ದರಿಂದಲೇ ಸೋರುವುದು ಗೊತ್ತಾಗುವುದಿಲ್ಲ. ಬಿಸಿಲಿಗೆ ಸಂದುಗಳ ಸೀಲಂಟ್ ಒಣಗಿ ಬಿರುಕು ಬಿಟ್ಟಿರುತ್ತದೆ, 2024ರ ಏಪ್ರಿಲ್‌ನಂಥ ಮಳೆ ಬಂದ ದಿನ ಗೋಡೆಯೊಳಗಿನ ಮರ ಕುಡಿದುಬಿಡುತ್ತದೆ. ಕೊಳ್ಳುವಾಗ ಮೂಲೆಗಳಲ್ಲಿ, ಕಿಟಕಿಯ ಕೆಳಗೆ, ಬೀರುವಿನ ಒಳಗೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗಿದ್ದರೆ, ಮುಗ್ಗಲು ವಾಸನೆಯಿದ್ದರೆ ಬೇಡವೆನ್ನಿ. ತೇವ ಅಳೆಯುವ ಚಿಕ್ಕ ಮೀಟರ್ ಸಿಗುತ್ತದೆ: ಶೇಕಡಾ 15ರ ಒಳಗಿದ್ದರೆ ಚಿಂತೆಯಿಲ್ಲ, 20 ದಾಟಿದರೆ ಒಳಗೆ ಕೊಳೆತಿರಬಹುದು. ಸಂದು ಮುಚ್ಚಲು ಬಾತ್‌ರೂಮಿನ ಸಿಲಿಕೋನ್ ಹಚ್ಚಬೇಡಿ. ಅದು ಕಿತ್ತು ಬಂದ ಮೇಲೆ ಆ ಜಾಗಕ್ಕೆ ಬೇರೇನೂ ಅಂಟುವುದಿಲ್ಲ. ಅಲ್ಯೂಮಿನಿಯಂ ಪಟ್ಟಿ ಬಿಚ್ಚಿ, ಹಳೆಯದನ್ನು ಪೂರ್ತಿ ಕೆರೆದು, ಗಟ್ಟಿಯಾಗದ ಬ್ಯುಟೈಲ್ ಟೇಪ್ ಹಾಕಿ, ಪಟ್ಟಿಯನ್ನು ಹೊಸ ಸ್ಟೇನ್‌ಲೆಸ್ ಸ್ಕ್ರೂಗಳಿಂದ ಕೂರಿಸುವುದು ಸರಿಯಾದ ದಾರಿ. ಒಂದು ಪಕ್ಕಕ್ಕೆ ನನಗೆ ಎರಡು ಶುಕ್ರವಾರ ಹಿಡಿಯಿತು. ಕಿಟಕಿಗಳು ಗಾಜಲ್ಲ, ಅಕ್ರಿಲಿಕ್. ಥಿನ್ನರ್, ಗಾಜು ಒರೆಸುವ ದ್ರವ ಯಾವುದೂ ತಾಗಬಾರದು, ಸಣ್ಣ ಬಿರುಕುಗಳೇಳುತ್ತವೆ. ಸೋಪಿನ ನೀರು ಸಾಕು. ಬಿಸಿಲಿನ ಪರದೆಯನ್ನು ಒಳಗಿಗಿಂತ ಹೊರಗೆ ಕಟ್ಟಿದರೆ ಹೆಚ್ಚು ತಂಪು.

ಬ್ಯಾಟರಿಯ ಬಗ್ಗೆ ಎರಡೇ ಮಾತು. ಪೂರ್ತಿ ತುಂಬಿದ 12 ವೋಲ್ಟಿನ ಸೀಸದ ಬ್ಯಾಟರಿ ವಿಶ್ರಾಂತಿಯಲ್ಲಿ 12.7 ತೋರಿಸಬೇಕು, 12.2ಕ್ಕೆ ಇಳಿದರೆ ಅರ್ಧ ಖಾಲಿ. ಸೆಖೆಗೆ ಅದು ಸುಮ್ಮನಿದ್ದರೂ ಬೇಗ ಇಳಿಯುತ್ತದೆ. ಛಾವಣಿಯ ಮೇಲೆ 100 ವ್ಯಾಟಿನ ಸೋಲಾರ್ ಫಲಕ ಹಾಕಿದ ಮೇಲೆ ನಮಗೆ ಆ ತಲೆನೋವಿಲ್ಲ, ಇಲ್ಲಿ ಬಿಸಿಲಿಗೇನು ಬರವೇ! ನೀರಿನ ಟ್ಯಾಂಕನ್ನು ಪ್ರತಿ ಪ್ರವಾಸದ ನಂತರ ಬರಿದು ಮಾಡಿ. ಬೆಚ್ಚಗಿನ ನಿಂತ ನೀರು ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೆ ತವರುಮನೆ, ಅದರಿಂದ ಬರುವುದು ನ್ಯುಮೋನಿಯಾ. ಋತುವಿನ ಮೊದಲಲ್ಲಿ ಟ್ಯಾಂಕು ತೊಳೆಯುವ ಮಾತ್ರೆ ಹಾಕಿ ಪೈಪುಗಳಲ್ಲೆಲ್ಲಾ ಹರಿಸಿ ತೆಗೆಯುತ್ತೇವೆ. ಕುಡಿಯಲು ಬಾಟಲಿ ನೀರೇ.

ಗ್ಯಾಸಿನ ವಿಷಯದಲ್ಲಿ ನಿಧಾನವಾಗಿ ಓದಿ. ನೆಲದಲ್ಲಿ, ಸಿಲಿಂಡರ್ ಪೆಟ್ಟಿಗೆಯ ತಳದಲ್ಲಿ, ತೂತುಗಳಿರುತ್ತವೆ. ಮರಳು, ಇರುವೆ ಬರುತ್ತವೆಂದು ಅವನ್ನು ಟೇಪಿನಿಂದ ಮುಚ್ಚಿದ ಗಾಡಿಗಳನ್ನು ನೋಡಿದ್ದೇನೆ. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಕೆಳಗಿಳಿದು ಆ ತೂತುಗಳಿಂದಲೇ ಹೊರಹೋಗಬೇಕು. ಮುಚ್ಚಿದರೆ ನೆಲದಲ್ಲಿ ಕೆರೆಯಂತೆ ನಿಂತು ಒಂದು ಕಿಡಿಗೆ ಕಾಯುತ್ತದೆ. ಬ್ರಷ್ಷಿನಿಂದ ಮರಳು ತೆಗೆಯಿರಿ, ಮುಚ್ಚಬೇಡಿ. ರಬ್ಬರ್ ಹೋಸಿನ ಮೇಲೂ ತಾರೀಖು ಅಚ್ಚಾಗಿರುತ್ತದೆ. ಐದು ವರ್ಷ ಕಾಯದೆ, ಬಿರುಕು ಕಂಡ ದಿನವೇ ಬದಲಿಸಿ. ರೆಗ್ಯುಲೇಟರಿನ ಒತ್ತಡವೂ ಒಲೆಯ ತಗಡಿನ ಮೇಲೆ ಬರೆದ ಒತ್ತಡವೂ ಒಂದೇ ಇರಬೇಕು. ಕೀಲುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಬೆಂಕಿಕಡ್ಡಿ ಗೀರಿ ನೋಡುವ ಸಾಹಸ ಬೇಡ. ಒಳಗಿನ ಪೈಪಿನ ಕೆಲಸ ಮಾತ್ರ ಬಲ್ಲವರಿಗೇ ಬಿಡಿ, ನಾನೂ ಬಿಟ್ಟಿದ್ದೇನೆ.

2020ರ ಜನವರಿಯಲ್ಲಿ ಅಮ್ಮ ಊರಿನಿಂದ ಬಂದಿದ್ದರು. ಜಬಲ್ ಶಮ್ಸ್‌ನ ಕಡಿದಾದ ದಾರಿಗೆ ಗಾಡಿ ಎಳೆಯುವ ಹುಚ್ಚು ಬೇಡವೆಂದು ಬೆಟ್ಟದ ಬುಡದಲ್ಲಿ, ಅಲ್ ಹಮ್ರಾದ ಹತ್ತಿರ, ವಾದಿಯ ಪಾತ್ರದಿಂದ ದೂರದ ದಿಬ್ಬದ ಮೇಲೆ ಉಳಿದಿದ್ದೆವು. (ವಾದಿಯ ಮರಳು ಎಷ್ಟೇ ಮೆತ್ತಗಿರಲಿ, ಅಲ್ಲಿ ಮಲಗಬೇಡಿ. ಮಳೆ ಬೆಟ್ಟದಲ್ಲಿ ಸುರಿದರೂ ನೀರು ಬರುವುದು ನಿಮ್ಮ ದಿಂಬಿಗೆ.) ರಾತ್ರಿ ಚಳಿ ಕೊರೆಯುತ್ತಿತ್ತು. ಹೊರಗೆ ಜೋಳ ಸುಟ್ಟ ಇದ್ದಿಲು ಇನ್ನೂ ಕೆಂಪಗಿತ್ತು. ಅಮ್ಮ ಅದನ್ನು ತಗಡಿನ ತಟ್ಟೆಗೆ ತುಂಬಿ ಒಳಗೆ ತರುತ್ತಿದ್ದರು.

"ಅಮ್ಮಾ, ಅದು ಒಳಗೆ ಬೇಡ."

"ಸುಮ್ನಿರೋ, ನಿನ್ನನ್ನ ಬೆಳೆಸಿದ್ದೇ ಅಗ್ಗಿಷ್ಟಿಕೆ ಕಾವಲ್ಲಿ. ಮಗು ನಡುಗ್ತಿದೆ, ನೋಡು."

ಅಮ್ಮ ಹೇಳಿದ್ದು ನಿಜವೇ. ಆದರೆ ನಮ್ಮೂರಿನ ಬಾಣಂತಿ ಕೋಣೆಗೆ ಹೆಂಚಿನ ಸಂದುಗಳಿದ್ದವು, ಬಾಗಿಲಡಿ ಬೆರಳು ತೂರುವಷ್ಟು ಜಾಗವಿತ್ತು. ಅಲ್ಲೂ ಎಷ್ಟೋ ಮನೆಗಳಲ್ಲಿ ಕೇಡಾಗಿದ್ದು ನಮಗೆ ಗೊತ್ತೇ ಇದೆ. ಕ್ಯಾರವಾನ್ ಒಂದು ಪುಟ್ಟ ಪೆಟ್ಟಿಗೆ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಹೊಗೆ ನಿಂತ ಮೇಲೂ ಬರುತ್ತಲೇ ಇರುತ್ತದೆ. ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು, ತಲೆನೋವು ಬಂದು, ನಿದ್ದೆ ಬಂದಂತಾಗಿ ಏಳದೇ ಹೋಗಬಹುದು. ಇದನ್ನೆಲ್ಲಾ ಅಮ್ಮನಿಗೆ ಆ ಚಳಿಯಲ್ಲಿ ವಿವರಿಸಲು ಹೋಗಲಿಲ್ಲ. ತಟ್ಟೆಯನ್ನು ಕೈಯಿಂದ ಇಸಿದುಕೊಂಡು ಹೊರಗೆ ಸುರಿದು ನೀರು ಹಾಕಿದೆ. ಅಮ್ಮನಿಗೆ ಸಿಟ್ಟು ಬಂತು, ಬೆಳಗಿನ ಕಾಫಿಯವರೆಗೆ ಮಾತಾಡಲಿಲ್ಲ. ಎರಡು ಕಂಬಳಿ, ಬಿಸಿನೀರಿನ ಚೀಲದಲ್ಲಿ ರಾತ್ರಿ ಕಳೆಯಿತು.

ಮಸ್ಕತ್ತಿಗೆ ಬಂದ ಮೇಲೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ತಂದು ತಯಾರಕರು ಹೇಳಿದ ಎತ್ತರದಲ್ಲಿ ಗೋಡೆಗೆ ಹಾಕಿದೆ, ಪಕ್ಕದಲ್ಲಿ ಹೊಗೆಯ ಅಲಾರಂ. ಅಲಾರಂಗೂ ವಯಸ್ಸಿದೆ, ಹಿಂಬದಿಯಲ್ಲಿ ಮುಗಿಯುವ ತಾರೀಖು ಇರುತ್ತದೆ. ಪ್ರತಿ ಪ್ರವಾಸಕ್ಕೆ ಮೊದಲು ಅದರ ಗುಂಡಿ ಒತ್ತಿ ಕೂಗಿಸುವುದು ಈಗ ಮಗಳ ಕೆಲಸ. ಟೈರಿನ ನಾಲ್ಕು ಅಂಕಿ ಓದಿ ಹೇಳುವುದೂ ಅವಳದೇ. ಈ ಸಲ ಸ್ಟೆಪ್ನಿ ಐದು ವರ್ಷ ದಾಟಿದೆ ಎಂದಿದ್ದಾಳೆ, ಶನಿವಾರ ಘಾಲಾಕ್ಕೆ ಹೋಗಬೇಕು.