ಸ್ಪ್ರಿಂಗಿಗೆ ಕೈ ಹಾಕಬೇಡಿ

ಬಿದರೆಹಳ್ಳಿ ಕಾವಲಿನ ತಮ್ಮಂದಿರೇ, ಅಗ್ಗದ ಏರ್ ಪಿಸ್ತೂಲು ಕೊಂಡಿದ್ದರೆ ಬಿರುಸಾದ ಸ್ಪ್ರಿಂಗ್ ಹಾಕುವ ಆಸೆ ಬಿಡಿ. ಅದುರು ಹೆಚ್ಚಿ ಗುರಿ ಕೆಡುತ್ತದೆ. ಮೇಲಾಗಿ, 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಗುಂಡು ಹೊರಡುವ ಶಕ್ತಿ 20 ಜೂಲ್ ಮೀರಿದರೆ ಪರವಾನಗಿ ಬೇಕು.

ಆಟಕ್ಕೆ ಬೇಕಾದ್ದು ನಿಖರತೆ. 10 ಮೀಟರ್ ಏರ್ ಪಿಸ್ತೂಲು ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತ ಬರೀ 11.5 ಮಿ.ಮೀ. ಅಗಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ಗೆದ್ದದ್ದು ಇದರಲ್ಲೇ. ನಳಿಗೆ ಒರೆಸಿ, ಸಡಿಲವಾದ ಸ್ಕ್ರೂ ಬಿಗಿ ಮಾಡಿ, ಚಪ್ಪಟೆ ಮೂತಿಯ ಒಳ್ಳೆಯ 4.5 ಮಿ.ಮೀ. ಪೆಲೆಟ್ ಹಾಕಿ. ಮರದ ಹಿಡಿಯಾದರೆ ನಿಮ್ಮ ಅಂಗೈಗೆ ಒಪ್ಪುವಂತೆ ಉಪ್ಪುಕಾಗದದಲ್ಲಿ ಉಜ್ಜಿ. ಹೆಚ್ಚಿನ ಸುಧಾರಣೆ ಇಲ್ಲೇ ಸಿಗುತ್ತದೆ. ಟ್ರಿಗರನ್ನು ತೀರಾ ಹಗುರ ಮಾಡಬೇಡಿ, ಸ್ಪರ್ಧೆಯಲ್ಲೂ ಕನಿಷ್ಠ 500 ಗ್ರಾಂ ಇರಲೇಬೇಕು.

ಕಣ್ಣಿಗೆ ಕನ್ನಡಕ ಹಾಕಿ. ಹಕ್ಕಿಗಳತ್ತ ಮಾತ್ರ ಎಂದೂ ಗುರಿಯಿಡಬೇಡಿ.