ಒಂದೇ ಡೇರೆ, ಎರಡು ಕೆಲಸ

ಅಮೆರಿಕದ ಕೊಲರಾಡೋದಲ್ಲಿ ನೆಲೆಸಿರುವ ನಮಗೆ ಡೇರೆ ಎರಡು ಕಾಲಕ್ಕೆ ಬೇಕು. ಬೇಸಿಗೆಯಲ್ಲಿ ಹೆಂಡತಿ ಮಕ್ಕಳೊಡನೆ ಕಾಡಿನಲ್ಲಿ ತಂಗಲು, ಅಕ್ಟೋಬರಿನಲ್ಲಿ ಗೆಳೆಯನೊಡನೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ. ಎರಡಕ್ಕೂ ಒಂದೇ ಸಾಕೇ ಎಂದು ಹಲವರು ಕೇಳುತ್ತಾರೆ. ಸಾಕು. ಆದರೆ ಹೊರಗಿನ ಹೊದಿಕೆಯನ್ನೂ ಒಳಗಿನ ಏರ್ಪಾಡನ್ನೂ ಬೇರೆ ಬೇರೆಯಾಗಿ ಆರಿಸಬೇಕು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಬಹುಪಾಲು ಅಪರಾಧ. ಇಲ್ಲಿ ಅದಕ್ಕೆ ಪರವಾನಗಿ ಉಂಟು, ಕಟ್ಟುಪಾಡೂ ಉಂಟು. ಎಲ್ಕ್ ಹೊಡೆದರೆ ತಿನ್ನುವಂಥ ಮಾಂಸವನ್ನು ಕಾಡಿನಲ್ಲಿ ಹಾಳುಬಿಡುವಂತಿಲ್ಲ. ಮೂಳೆ ಬಿಡಿಸಿದ ಮೇಲೂ 70-80 ಕಿಲೋ ಮಾಂಸ ಬೆನ್ನ ಮೇಲೆ ಇಳಿಯಬೇಕಾಗಬಹುದು. 8-10 ಕಿಲೋ ತೂಗುವ ಮಾಮೂಲಿ ಫ್ಯಾಮಿಲಿ ಟೆಂಟ್ ಕಾರಿನ ಪಕ್ಕದಲ್ಲಿ ಹಾಯಾಗಿರುತ್ತದೆ. ಗುಡ್ಡ ಹತ್ತುವಾಗ ಅದನ್ನು ಹೊರುವ ಮಾತೇ ಇಲ್ಲ.

ನಾವು ಆರಿಸಿದ್ದು ತಳವಿಲ್ಲದ, ನಡುವೆ ಒಂದೇ ಕಂಬ ನಿಲ್ಲುವ ಗೋಪುರದಾಕಾರದ ಡೇರೆ. ನಾಲ್ವರು ಮಲಗುವ ಅಳತೆಯದು ಕಂಬ ಸೇರಿ 2 ಕಿಲೋ ಆಸುಪಾಸು. ಇಳಿಜಾರು ಕಡಿದಾಗಿರುವುದರಿಂದ ಹಿಮ ಜಾರಿ ಬೀಳುತ್ತದೆ. ಬಟ್ಟೆಯಲ್ಲಿ ಮೂರು ಬಗೆ. ಸಿಲಿಕೋನ್ ಲೇಪಿಸಿದ ನೈಲಾನ್ ಗಟ್ಟಿ, ಆದರೆ ಒದ್ದೆಯಾದರೆ ಹಿಗ್ಗಿ ಜೋಲುತ್ತದೆ. ಮಳೆಯ ಸಂಜೆ ಮಲಗುವ ಮುಂಚೆ ಹೊರಗೆ ಹೋಗಿ ಹಗ್ಗಗಳನ್ನು ಇನ್ನೊಮ್ಮೆ ಬಿಗಿಯಬೇಕು. ಪಾಲಿಯೆಸ್ಟರ್ ಅಷ್ಟು ಜೋಲುವುದಿಲ್ಲ. ಡೈನೀಮಾ ಎಲ್ಲಕ್ಕಿಂತ ಹಗುರ, ಬೆಲೆ ಮಾತ್ರ ಬಲು ದುಬಾರಿ.

ಒಂದೇ ಪದರದ ಡೇರೆಯ ನಿಜವಾದ ತೊಂದರೆ ತೇವ. ನಾಲ್ವರ ಉಸಿರು ರಾತ್ರಿಯಿಡೀ ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಬೆಳಗ್ಗೆ ಬೆರಳು ಸೋಕಿದರೆ ಸಾಲಾಗಿ ಇಳಿಯುತ್ತದೆ. ಮಕ್ಕಳ ಸ್ಲೀಪಿಂಗ್ ಬ್ಯಾಗಿನ ಕಾಲಿನ ಬದಿ ಗೋಡೆಗೆ ಒರಗಿದ್ದರೆ ಅದು ನೆನೆದೇ ನೆನೆಯುತ್ತದೆ. ಇದಕ್ಕೆ ಮದ್ದು ಗಾಳಿ. ಕೆಳಗಿನ ಅಂಚನ್ನು ನೆಲದಿಂದ ಒಂದು ಗೇಣು ಮೇಲೆತ್ತಿ, ನೆತ್ತಿಯ ಕಿಂಡಿ ತೆರೆದಿಡಬೇಕು.

ಬೇಸಿಗೆಯಲ್ಲಿ ಈ ಹೊದಿಕೆಯೊಳಗೆ ತಳವಿರುವ ಸೊಳ್ಳೆಬಲೆಯ ಒಳಡೇರೆಯನ್ನು ನೇತುಹಾಕುತ್ತೇವೆ. ಮಣ್ಣು, ಸೊಳ್ಳೆ ಎರಡೂ ಹೊರಗೆ ಉಳಿದು ಮಕ್ಕಳು ನೆಮ್ಮದಿಯಾಗಿ ನಿದ್ದೆ ಹೋಗುತ್ತಾರೆ. ರಾಕಿ ಬೆಟ್ಟಗಳಲ್ಲಿ ಜುಲೈ, ಆಗಸ್ಟ್ ಮಧ್ಯಾಹ್ನಗಳಲ್ಲಿ ಗುಡುಗು ಮಳೆ ಸಾಮಾನ್ಯ. ನೀರು ಹರಿದು ಬರದ, ತುಸು ಎತ್ತರದ ಜಾಗ ಹುಡುಕಬೇಕು. ಹುಲ್ಲುಗಾವಲಿನ ತಗ್ಗು ಕಣ್ಣಿಗೆ ಚೆಂದ, ಆದರೆ ರಾತ್ರಿ ತಣ್ಣನೆಯ ಗಾಳಿ ಇಳಿದು ನಿಲ್ಲುವುದು ಅಲ್ಲೇ. ಜೀರುಂಡೆ ಹೊಡೆದು ಒಣಗಿ ನಿಂತ ಪೈನ್ ಮರಗಳು ಇಲ್ಲಿ ಹೇರಳ. ಅವು ಬಿದ್ದರೆ ತಾಗುವಷ್ಟು ದೂರದಲ್ಲಿ ಡೇರೆ ಹಾಕಲೇಬಾರದು.

ಅಕ್ಟೋಬರಿನಲ್ಲಿ ಬಲೆ ಮನೆಯಲ್ಲೇ ಉಳಿಯುತ್ತದೆ, ಅದರ ಬದಲು ಮಡಚುವ ಟೈಟೇನಿಯಂ ಒಲೆ ಬರುತ್ತದೆ. ಬೆಂಕಿ ತಡೆಯುವ ತೇಪೆಯ ಮೂಲಕ ಅದರ ಕೊಳವೆ ಹೊರಗೆ ಹೋಗುತ್ತದೆ. ಒಲೆ ಬಂದರೆ 'ನಾಲ್ವರ' ಡೇರೆ ಇಬ್ಬರದಾಗುತ್ತದೆ. ತೆಳು ತಗಡಿನ ಸಣ್ಣ ಒಲೆಗೆ ಆಗಾಗ ಕಟ್ಟಿಗೆ ಹಾಕುತ್ತಿರಬೇಕು. ಬಿಟ್ಟರೆ ಬೇಗ ಆರುತ್ತದೆ. ಹಾಗಾಗಿ ಒದ್ದೆ ಕಾಲುಚೀಲ, ಬೂಟು ಒಣಗಿಸಲು ಒಲೆ. ರಾತ್ರಿಯ ಚಳಿಗೆ ಒಳ್ಳೆಯ ಸ್ಲೀಪಿಂಗ್ ಬ್ಯಾಗ್. ಉರಿಯುವ ಒಲೆ ಇಟ್ಟುಕೊಂಡು ಮಲಗಬಾರದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ಕಾಡಿನಲ್ಲಿ ಬೆಂಕಿಗೆ ನಿರ್ಬಂಧ ಇದೆಯೇ ಎಂದು ಹೊರಡುವ ಮುಂಚೆಯೇ ವಿಚಾರಿಸಬೇಕು.

ಎಲ್ಲಕ್ಕೂ ಒಟ್ಟಿಗೆ ಹಣ ಹೊಂದಿಸಲಾಗದಿದ್ದರೆ ಮೊದಲು ಒಳ್ಳೆಯ ಹೊದಿಕೆ, ಗಟ್ಟಿ ಗೂಟಗಳನ್ನು ಕೊಳ್ಳಿ. ಒಂದೇ ಕಂಬದ ಡೇರೆ ನಿಲ್ಲುವುದು ಗೂಟದ ಬಲದಲ್ಲಿ. ಆಮೇಲೆ ಮಕ್ಕಳಿಗಾಗಿ ಬಲೆ. ಒಲೆ ಕೊನೆಗೆ ಬಂದರೂ ನಡೆಯುತ್ತದೆ. ಬೆಚ್ಚನೆಯ ಉಡುಪಿದ್ದರೆ ಒಲೆಯಿಲ್ಲದೆಯೂ ಬೇಟೆಯ ರಾತ್ರಿ ಕಳೆಯಬಹುದು. ಸೊಳ್ಳೆ ಕಚ್ಚಿ ಅಳುವ ಮಗುವನ್ನು ಮತ್ತೆ ಕಾಡಿಗೆ ಕರೆದೊಯ್ಯುವುದು ಮಾತ್ರ ಕಷ್ಟ.